ಊಟಕ್ಕೆ ಮುಂಚೆ ಒಬ್ಬ ಫ್ರೆಂಚ್ ಸೇನಾಧಿಕಾರಿ

ನಿವೃತ್ತಿಯ ನಂತರ ನಾನು ಒಬ್ಬ ಫ್ರೆಂಚ್ ಸೇನಾಧಿಕಾರಿಯ ಚರಿತ್ರೆಯ ಬೆನ್ನು ಹತ್ತಿದೆ. ಹತ್ತೊಂಬತ್ತನೇ ಶತಮಾನದವನು. ಅವನ ಚಕ್ರವರ್ತಿ ಯುದ್ಧದಲ್ಲಿ ಸೋತು, ಸೈನ್ಯದ ಕೆಲಸ ಹೋಗಿ, ಇರಾನಿನ ದಾರಿಯಾಗಿ ಲಾಹೋರಿಗೆ ಬಂದು ಅಲ್ಲಿನ ರಾಜನ ಹತ್ತಿರ ನೌಕರಿ ಹಿಡಿದವನು. ಅಮೆರಿಕದ ನೇಪರ್‌ವಿಲ್ಲಿನ ನಮ್ಮ ಮನೆಯಲ್ಲಿ ಈ ಮಹಾಪುರುಷನಿಗೆ ಶ್ರೋತೃಗಳಿರಲಿಲ್ಲ. ಆದ್ದರಿಂದ ಕಾರಿನಲ್ಲಿ ಐದು ಗಂಟೆ ದೂರದ ಟ್ರಾಯ್ ಊರಿನ ಕನ್ನಡದವರು, ಹಬ್ಬದ ಕಾರ್ಯಕ್ರಮದಲ್ಲಿ ಅವನ ಬಗ್ಗೆ ಅರ್ಧ ಗಂಟೆ ಮಾತಾಡಿ ಎಂದಾಗ, ಒಬ್ಬರಾದರೂ ಕೊನೆಯವರೆಗೆ ಕೇಳಿದರೆ ಜನ್ಮ ಸಾರ್ಥಕ ಎಂದುಕೊಂಡು ಹೊರಟೆ.

ಕಾರಿನಲ್ಲಿ ಹೆಂಡತಿಗೆ ಒಮ್ಮೆ ಒಪ್ಪಿಸಿ ನೋಡಿದೆ. "ಇಂಡಿಯಾನಾ ಬರೋವರ್ಗೂ ಕೇಳ್ತೀನಿ, ಆಮೇಲೆ ನಿದ್ದೆ ಮಾಡ್ತೀನಿ," ಎಂದಳು. ಒಂದೇ ಗಂಟೆಯಲ್ಲಿ ಇಂಡಿಯಾನಾ ರಾಜ್ಯದ ಗಡಿ ಬಂತು; ಮಾತಿಗೆ ತಪ್ಪಲಿಲ್ಲ.

ಸಭಾಂಗಣದ ಬಾಗಿಲಲ್ಲೇ ಕಾರ್ಯದರ್ಶಿ ಹಿಡಿದರು. "ಅಂಕಲ್, ಡ್ಯಾನ್ಸ್ ಎಲ್ಲಾ ಲೇಟಾಗೋಯ್ತು. ಊಟ ಬಂದ್ಬಿಟ್ಟಿದೆ. ಹತ್ತು ನಿಮಿಷದಲ್ಲಿ ಮುಗಿಸ್ಬಿಡಿ, ಪ್ಲೀಸ್."

ಹತ್ತು ನಿಮಿಷದಲ್ಲಿ ಒಂದು ಜೀವಮಾನ! ಅವನ ಹುಟ್ಟು, ಬಾಲ್ಯ, ಯುದ್ಧಗಳನ್ನೆಲ್ಲ ವೇದಿಕೆಯ ಮೆಟ್ಟಿಲ ಬಳಿಯೇ ಬಿಟ್ಟೆ. ನಾನು ಮೈಕು ಹಿಡಿಯುವಷ್ಟರಲ್ಲಿ ಹುಳಿಯ ಘಮ ಸಭೆಯನ್ನು ಗೆದ್ದಾಗಿತ್ತು. ಹಿಂದಿನ ಸಾಲುಗಳು ಖಾಲಿಯಾಗತೊಡಗಿದವು.

"ಕೆಲಸ ಕೊಡುವಾಗ ರಾಜ ಮೂರು ಷರತ್ತು ಹಾಕಿದ," ಎಂದೆ. "ಗಡ್ಡ ಬೋಳಿಸಬಾರದು, ದನದ ಮಾಂಸ ತಿನ್ನಬಾರದು, ಹೊಗೆಸೊಪ್ಪು ಮುಟ್ಟಬಾರದು."

"ಮೂರೇನಾ ಅಂಕಲ್? ನಮ್ಮ ಎಚ್‌ಆರ್ ಹಾಕೋದು ನೋಡ್ಬೇಕು ನೀವು!" ಎಂದಿತು ಒಂದು ದನಿ. ಜನ ನಕ್ಕರು. ನಕ್ಕವರು ಅಷ್ಟು ಬೇಗ ಎದ್ದು ಹೋಗಲಾರರು ಎಂಬ ಧೈರ್ಯದಲ್ಲಿ ಮುಂದುವರಿದೆ. ಗಡ್ಡ ಎದೆಯವರೆಗೆ ಬೆಳೆಯಿತು, ಮದುವೆಯಾಯಿತು, ಮಕ್ಕಳಾದರು. ಊರಿಗೆ ಹೋಗಿ ಬರಲು ರಜೆ ಕೇಳಿದ. ರಾಜ ನೋಡೋಣ ಎಂದ. ಮತ್ತೆ ಕೇಳಿದ. ಮತ್ತೂ ನೋಡೋಣ.

ತಟ್ಟೆ ಹಿಡಿದು ಹೊರಟವರು ನಿಂತಲ್ಲೇ ನಿಂತರು. ಹೋದರೆ ವಾಪಸ್ ಬರಲು ವೀಸಾ ಸ್ಟ್ಯಾಂಪಿಂಗ್ ಸಿಗುತ್ತದೋ ಇಲ್ಲವೋ ಎಂದು ಹೆದರಿ ವರ್ಷಗಟ್ಟಲೆ ಊರ ಕಡೆ ಹೋಗದವರು ಆ ಸಭೆಯಲ್ಲಿ ಎಷ್ಟು ಜನವೋ. ಅಷ್ಟರಲ್ಲಿ ಕಾರ್ಯದರ್ಶಿ ಕೈಗಡಿಯಾರ ತೋರಿಸಿದರು. ನಾನು ಶಿಸ್ತಿನ ಮನುಷ್ಯ, ಹಾಳೆ ಮಡಚಿದೆ.

ಮುಂದಿನ ಸಾಲಿನ ಅಜ್ಜಿಯೊಬ್ಬರು ಗುಡುಗಿದರು: "ಏ, ತಡೀರಪ್ಪಾ! ಆ ಹುಡುಗನ್ನ ಮೊದ್ಲು ಊರಿಗೆ ಕಳಿಸಿ, ಆಮೇಲೆ ಬಡಿಸಿ!"

ಕಳಿಸಿದೆ. ವಾಪಸ್ ಬರುತ್ತೇನೆಂದು ಅವನು ಮಾತು ಕೊಟ್ಟ ಮೇಲೆ ರಾಜ ಒಪ್ಪಿದ; ಹೆಂಡತಿ ಮಕ್ಕಳ ಸಮೇತ ಹಡಗು ಹತ್ತಿಸಿ, ಫ್ರಾನ್ಸಿನ ದಡ ಮುಟ್ಟಿಸಿದೆ. "ಅಬ್ಬ, ಸದ್ಯ!" ಎಂದು ಇಡೀ ಸಭೆ ಉಸಿರು ಬಿಟ್ಟಿತು. ನಾನೂ ಬಿಟ್ಟೆ. ಕೊಟ್ಟ ಮಾತಿನಂತೆ ಅವನು ಪುನಃ ಲಾಹೋರಿಗೆ ಮರಳಿದ ಸಂಗತಿ ಹೇಳುವುದು ಉಳಿದಿತ್ತು. ಆದರೆ ಚಪ್ಪಾಳೆ ಶುರುವಾಗಿತ್ತು, ಅಜ್ಜಿ ಕಣ್ಣೊರೆಸಿಕೊಳ್ಳುತ್ತಿದ್ದರು. ಚರಿತ್ರೆಯನ್ನು ಅಲ್ಲಿಗೇ ನಿಲ್ಲಿಸಿ, ನಾನೂ ಹೋಗಿ ಊಟದ ಸಾಲಿನಲ್ಲಿ ನಿಂತೆ.