ಬೈಬಲಿನ ಅಂಚಿನಲ್ಲಿ ಒಂದು ಎಮ್ಮೆ

ಖಾಲಿ ಜಾಗ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಯುದ್ಧದ ಕಾಲದಲ್ಲಿ ಹೊಳೆನರಸೀಪುರದ ಅಂಗಡಿಗಳಲ್ಲಿ ಕಾಗದಕ್ಕೆ ಬರ ಬಂತು. ಮೇಷ್ಟ್ರಾದ ನಾನು ಮಕ್ಕಳಿಗೆ ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದೆ. ಆಗ ನನ್ನ ಮನೆಯಲ್ಲಿ ಉಳಿದಿದ್ದ ಖಾಲಿ ಜಾಗವೆಂದರೆ, ಮದುವೆಯಲ್ಲಿ ಉಡುಗೊರೆಯಾಗಿ ಬಂದ ಬೈಬಲಿನ ಅಂಚು ಮಾತ್ರ. ಅದೂ ಎರಡು ಬೆರಳಗಲ!

ಮೊದಮೊದಲು ಬರೆದದ್ದು ಭಕ್ತಿಯ ಟಿಪ್ಪಣಿಗಳೇ, ನಂಬಿ. ಆಮೇಲೆ ಜಲಪ್ರಳಯದ ಅಧ್ಯಾಯದ ಪಕ್ಕ ನಮ್ಮ ಸೋರುವ ಹೆಂಚುಗಳ ಲೆಕ್ಕ ಬಂತು. ಹತ್ತು ಆಜ್ಞೆಗಳ ಪಕ್ಕ ಅತ್ತೆಯವರ ಹೇರಳೆಕಾಯಿ ಉಪ್ಪಿನಕಾಯಿ ಹಾಕುವ ವಿಧಾನ ಬಂತು. ಅದರಲ್ಲೂ ಆಜ್ಞೆಗಳೇ ಇದ್ದವು. ಶ್ರವಣಬೆಳಗೊಳದಲ್ಲಿ ಹಿಂದಿನವರು ಶಾಸನ ಕೆತ್ತಲು ಬೆಟ್ಟದ ಬಂಡೆಯನ್ನೇ ಬಿಡಲಿಲ್ಲ, ನಾನು ಬರೀ ಅಂಚಿಗೆ ಕೈ ಹಾಕಿದೆ ಎಂದು ಸಮಾಧಾನ ಮಾಡಿಕೊಂಡೆ.

ಒಂದು ದಿನ ಪಕ್ಕದ ಮನೆಯ ರೈತ ಕೆಂಚಪ್ಪ ಬಂದ. "ನಮ್ಮೆಮ್ಮೆ ಗಬ್ಬ ಆದ ದಿನ ಬರಕಳಿ ಸಾ. ದ್ಯಾವ್ರ ಪುಸ್ತಕ್ದಾಗಿದ್ರೆ ಸುಳ್ಳಾಗಾಕಿಲ್ಲ ಕಣಿ." ಹಿಂದಿನ ಸಲ ಅವನು ಊರಲ್ಲಿಲ್ಲದಾಗ ಎಮ್ಮೆ ಹೆತ್ತು, ನೋಡುವವರಿಲ್ಲದೆ ಕರು ಸತ್ತಿತ್ತು. ದನಕರುಗಳನ್ನೆಲ್ಲ ಕಳೆದುಕೊಂಡ ಭಕ್ತನ ಕಥೆಯ ಪಕ್ಕದಲ್ಲಿ ಆ ದಿನವನ್ನು ಬರೆದಿಟ್ಟೆ.

ಕೆಲವು ತಿಂಗಳ ಮೇಲೆ ಹಾಸನದಿಂದ ನಮ್ಮ ಸಭೆಯ ಪಾದ್ರಿಗಳು ಬಂದರು. ಮನೆಯಲ್ಲಿ ಪ್ರಾರ್ಥನೆ. ನನ್ನ ಬೈಬಲನ್ನೇ ಬಿಡಿಸಿ ಗಂಭೀರವಾಗಿ ಓದುತ್ತಿದ್ದವರು, ಸಾಲು ತಪ್ಪಿ ಅಂಚಿಗೆ ಜಾರಿ, "ಕರಿ ಕೋಳಿ ಕಾವಿಗೆ ಕೂತಿತು" ಎಂಬಲ್ಲಿ ನಿಂತುಬಿಟ್ಟರು.

"ಮೇಷ್ಟ್ರೇ, ಇದು ದೇವರ ವಾಕ್ಯವೋ, ಕೊಟ್ಟಿಗೆಯ ದಿನಚರಿಯೋ?"

ಅವರು ಆ ಪುಸ್ತಕವನ್ನು ತೆಗೆದುಕೊಂಡು, ತಮ್ಮ ಹೊಚ್ಚಹೊಸ ಬೈಬಲನ್ನು ಕೊಟ್ಟು, ಇನ್ನು ಒಂದಕ್ಷರವನ್ನೂ ಬರೆಯುವುದಿಲ್ಲವೆಂದು ಮಾತು ತೆಗೆದುಕೊಂಡು ಹೊರಟುಹೋದರು.

ಮರುವಾರವೇ ಕೆಂಚಪ್ಪ ಹಾಜರು. ದಂಡಿಗನಹಳ್ಳಿಯಲ್ಲಿ ತಂಗಿಯ ಮಗಳ ಮದುವೆ. ಎಮ್ಮೆ ಯಾವಾಗ ಕರು ಹಾಕುತ್ತದೆಂದು ತಿಳಿಯದೆ ಹೋಗುವಂತಿಲ್ಲ. ನನಗೆ ದಿನ ನೆನಪಿಲ್ಲ. ಪಾದ್ರಿಗಳಿಗೆ ಎಮ್ಮೆಯ ಸಮಾಚಾರ ಕೇಳಿ ಕಾಗದ ಬರೆಯುವ ಧೈರ್ಯವೂ ಇಲ್ಲ. ಕಥೆಯನ್ನು ಓದಿದರೆ ನೆನಪಾದೀತೆಂದು ಹೊಸ ಪುಸ್ತಕದಲ್ಲಿ ಅದೇ ಪುಟ ತೆಗೆದು ಗಟ್ಟಿಯಾಗಿ ಓದಿದೆ. ದಿನ ನೆನಪಾಗಲಿಲ್ಲ. ಆದರೆ ಐನೂರು ಜೋಡಿ ಎತ್ತು ಹೋದವೆಂದು ಕೇಳಿ ಕೆಂಚಪ್ಪ ನೆಲಕ್ಕೆ ಕುಸಿದು ಕೂತ.

"ಐನೂರ್ ಜೊತೇನಾ! ಮುಂದೇನಾಯ್ತು, ಓದಿ ಸಾ."

ಮದುವೆಗೆ ಹೆಂಡತಿಯನ್ನು ಕಳಿಸಿ ಅವನು ಕೊಟ್ಟಿಗೆಯಲ್ಲೇ ಉಳಿದ. ತಪ್ಪು ನನ್ನದು. ಆದ್ದರಿಂದ ದಿನಾ ಸಂಜೆ ಅಲ್ಲಿಗೇ ಹೋಗಿ, ಮಗುಚಿದ ಮಂಕರಿ ಬುಟ್ಟಿಯ ಮೇಲೆ ಕೂತು ಓದತೊಡಗಿದೆ. ಎಮ್ಮೆ ಮೆಲುಕು ಹಾಕುತ್ತ ಕೇಳುತ್ತಿತ್ತು. ನನ್ನ ತರಗತಿಯಲ್ಲಿ ಅಷ್ಟು ಶ್ರದ್ಧೆಯನ್ನು ನಾನು ಕಂಡಿರಲಿಲ್ಲ. ನಾಚಿಕೆಯ ಮಾತೊಂದನ್ನು ಹೇಳಿಬಿಡುತ್ತೇನೆ: ಆ ಕಥೆಯನ್ನು ನಾನೂ ಅದುವರೆಗೆ ಪೂರ್ತಿ ಓದಿರಲಿಲ್ಲ. ಅಂಚು ತುಂಬಿಸುವುದರಲ್ಲಿ ನಡುವಿನದಕ್ಕೆ ಪುರಸೊತ್ತು ಸಿಕ್ಕಿರಲಿಲ್ಲ.

ಭಕ್ತನ ಗೆಳೆಯರು ಉಪದೇಶದ ಮೇಲೆ ಉಪದೇಶ ಮಾಡುತ್ತಿದ್ದಾಗ ಎಮ್ಮೆಗೆ ನೋವು ಬಂತು. ನಾನು ಪುಸ್ತಕ ಮುಚ್ಚಿದೆ.

"ನಿಲ್ಲಿಸ್ಬೇಡಿ ಸಾ! ಓದಿ, ಓದಿ!" ಎಂದು ಕೂಗಿದ ಕೆಂಚಪ್ಪ, ಎರಡು ಕೈಯಲ್ಲೂ ಕರುವಿನ ಕಾಲು ಹಿಡಿದು ಎಳೆಯುತ್ತಿದ್ದ.

ಕರು ಬದುಕಿತು. ಹೆಣ್ಣು ಕರು. ಅದು ಎದ್ದು ನಿಂತು, ಎರಡು ಸಲ ಬಿದ್ದು, ಕೆಚ್ಚಲಿಗೆ ಬಾಯಿ ಹಾಕುವ ಹೊತ್ತಿಗೆ ನಾನು ಕಥೆಯ ಕೊನೆಯ ಪುಟಕ್ಕೆ ಬಂದಿದ್ದೆ. ಭಕ್ತನಿಗೆ ಸಾವಿರ ಜೋಡಿ ಎತ್ತು ಸಿಕ್ಕವು. ಕೆಂಚಪ್ಪನ ಕಣ್ಣಲ್ಲಿ ನೀರು. ಭಕ್ತನಿಗಾಗಿಯೋ ಕರುವಿಗಾಗಿಯೋ ಹೇಳಲಾರೆ.

"ಆ ಸಾವ್ರ ಜೊತೆ ಎಲ್ಲೈತೆ ಸಾ, ಇಲ್ಲೇನಾ?" ಎಂದು ಓದಲು ಬಾರದ ಕೆಂಚಪ್ಪ ಕರು ಎಳೆದ ಒದ್ದೆ ಕೈಯಲ್ಲೇ ಪುಟದ ಮೇಲೆ ಹೆಬ್ಬೆರಳೊತ್ತಿದ. ಎತ್ತುಗಳ ಪಕ್ಕದ ಬಿಳಿಯ ಅಂಚಿನಲ್ಲಿ ಆ ಗುರುತು ಹಾಗೇ ಉಳಿಯಿತು. ನಾನದನ್ನು ಒರೆಸಲಿಲ್ಲ. ಪಾದ್ರಿಗಳಿಗೆ ನಾನು ಮಾತು ಕೊಟ್ಟದ್ದು ಅಕ್ಷರಗಳ ಬಗ್ಗೆ. ಹೆಬ್ಬೆಟ್ಟಿನ ವಿಷಯ ಅವರೂ ಎತ್ತಿರಲಿಲ್ಲ, ನಾನೂ ಎತ್ತಲಿಲ್ಲ.