ಇನ್ನು ನಾಲ್ಕು ತಿಂಗಳಿದೆ

ಸಾಲ ತೀರಿತ್ತು. ತೀರಿದೆ ಎಂದು ನಾನು ನನ್ನ ಗಂಡನಿಗೆ ಹೇಳಲಿಲ್ಲ. ನಾಲ್ಕು ತಿಂಗಳು ಹೇಳಲಿಲ್ಲ. ಆ ನಾಲ್ಕು ತಿಂಗಳು ಹೇಳಲಿಲ್ಲ ಎಂಬುದನ್ನು ಆಮೇಲೆ ಹತ್ತು ವರ್ಷ ಹೇಳಲಿಲ್ಲ.

ದುಡ್ಡಿಗಾಗಿ ಮಾಡಿದ್ದಲ್ಲ. ಹಾಗೆಂದರೆ ನಂಬುವವರು ಕಡಿಮೆ, ಏಕೆಂದರೆ ದುಡ್ಡು ನನ್ನ ಕೈಯಲ್ಲೇ ಉಳಿಯಿತು. ಮತ್ತೆ ಯಾತಕ್ಕಾಗಿ ಎಂದು ಕೇಳಿದರೆ — ಅದನ್ನೇ ನಾನೂ ಕೇಳಿಕೊಳ್ಳುತ್ತಿದ್ದೇನೆ. ನಡೆದದ್ದನ್ನು ನಡೆದ ಹಾಗೆ ಬರೆದರೆ ಗೊತ್ತಾದೀತೇನೋ ಎಂಬ ಆಸೆ.

ನಾವಿದ್ದದ್ದು ಶಿಡ್ಲಘಟ್ಟದಲ್ಲಿ, ಬಾಡಿಗೆ ಮನೆಯಲ್ಲಿ. ನಮ್ಮ ಯಜಮಾನರಿಗೆ ಜಂಗಮಕೋಟೆಯ ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್ ಕೆಲಸ. ಅದು ಹೊಟ್ಟೆಪಾಡು. ಅವರ ಜೀವ ಇದ್ದದ್ದು ಕ್ಲಾರಿನೆಟ್ಟಿನಲ್ಲಿ. ಚಿಂತಾಮಣಿಯಲ್ಲಿ ಬಾಷಾ ಸಾಹೇಬರು ಎಂಬ ಹಿರಿಯರ ಮದುವೆ ಬ್ಯಾಂಡ್ ಇತ್ತು. ಅವರ ಬಳಿಯೇ ಕಲಿತು, ಅವರ ಬ್ಯಾಂಡಿನಲ್ಲೇ ಊದುತ್ತಿದ್ದರು. ಲಗ್ನದ ಕಾಲ ಬಂದರೆ ರಜೆ ಹಾಕಿ ಎರಡೆರಡು ದಿನ ಮನೆಗೆ ಬರುತ್ತಿರಲಿಲ್ಲ. ಒಂದು ಸಲ ನನ್ನ ತವರಿನ ಕಡೆಯ ಮದುವೆಗೇ ಅವರ ಬ್ಯಾಂಡ್ ಬಂತು. ಜರಿಯಂಚಿನ ಕೆಂಪು ಕೋಟು ತೊಟ್ಟು ಇವರು ಊದುತ್ತಿದ್ದಾಗ ನನ್ನ ತಮ್ಮ ಎಲ್ಲರೆದುರು ಕೇಳಿದ, "ಭಾವ ಊಟಕ್ಕೆ ಬಂದವ್ರೋ, ಊದಕ್ಕೆ ಬಂದವ್ರೋ?" ಎಲ್ಲರೂ ನಕ್ಕರು. ಇವರೂ ನಕ್ಕರು. ನಾನು ಅಡುಗೆಯವರ ಕಡೆಗೆ ಹೋಗಿ ನಿಂತೆ.

ಸ್ವಂತ ಬ್ಯಾಂಡ್ ಕಟ್ಟುವ ಹುಚ್ಚು ಹಿಡಿದಾಗ ಇವರು ಒಬ್ಬರ ಜೊತೆ ಪಾಲಿಗೆ ಸೇರಿ ವಾದ್ಯ ಕೊಳ್ಳಲು ನಾಲ್ಕು ಸಾವಿರ ಸಾಲ ಮಾಡಿದರು. ಕೊಟ್ಟವರು ಚಿಂತಾಮಣಿಯಲ್ಲಿ ನನ್ನ ತವರುಮನೆಯ ಬೀದಿಯ ರಂಗನಾಯಕಮ್ಮ — ಕೊಟ್ಟದ್ದು ನನ್ನ ಮುಖ ನೋಡಿ. ಪಾಲುದಾರ ವರ್ಷ ಕಳೆಯುವುದರೊಳಗೆ ವಾದ್ಯ ಮಾರಿಕೊಂಡು ಊರು ಬಿಟ್ಟ. ಇವರು ತಿರುಗಿ ಸಾಹೇಬರ ಬ್ಯಾಂಡಿಗೇ ಹೋದರು. ಬಡ್ಡಿ ಬೆಳೆದು ಸಾಲ ಆರು ಸಾವಿರಕ್ಕೆ ಬಂದು ನಿಂತಿತು.

ಆ ಯುಗಾದಿಯ ಬೆಳಿಗ್ಗೆ, ಎಣ್ಣೆ ನೀರಾದ ಮೇಲೆ, ಇವರು ಪೆನ್ಸಿಲ್ ಹಿಡಿದು ಅಡುಗೆಮನೆಯ ಬಾಗಿಲ ಹಿಂದೆ ಕೂತರು. ಬಾಗಿಲ ಮೇಲೆ ಗೆರೆ ಎಳೆದು ಹನ್ನೆರಡು ಮನೆ ಮಾಡಿದರು.

"ಏನ್ರೀ ಇದು?" ಎಂದೆ.

"ಆಸ್ಪತ್ರೇಲಿ ಒಂದೊಂದು ಹಸೂಗೂ ಚೀಟಿ ಇರ್ತದೆ ಕಣೇ. ಯಾವಾಗ ಗಬ್ಬ ಆಯ್ತು, ಎಷ್ಟು ಹಾಲು ಕೊಡ್ತು, ಎಲ್ಲಾ ಬರೆದಿಡ್ತೀವಿ. ಮನುಷ್ಯನ್ಗೆ ಮಾತ್ರ ಏನೂ ಇಲ್ಲ. ಈ ವರ್ಷ ನನ್ಗೂ ಒಂದು ಚೀಟಿ."

ತಿಂಗಳಿಗೆ ಐನೂರರಂತೆ ಸಾಲ ತೀರಿಸುವುದು. ಬೀಡಿ ಬಿಡುವುದು. ಮಂಜುಳ — ನಮ್ಮ ಮಗಳು, ಐದನೇ ಕ್ಲಾಸು — ಲೆಕ್ಕದಲ್ಲಿ ಪಾಸಾಗುವಂತೆ ದಿನಾ ಪಾಠ ಹೇಳುವುದು. ಕೊನೆಯಲ್ಲಿ ಇನ್ನೊಂದು ಸಾಲು ಬರೆದರು: 'ಸಾಲ ತೀರುವ ತನಕ ಕ್ಲಾರಿನೆಟ್ ಮುಟ್ಟುವುದಿಲ್ಲ.' ಅದನ್ನು ಬರೆಯಲು ನಾನು ಹೇಳಿರಲಿಲ್ಲ. ಬೇಡ ಎಂದೂ ಹೇಳಲಿಲ್ಲ.

ಆ ವರ್ಷದ ಬಗ್ಗೆ ಹೇಗೆ ಹೇಳಲಿ? ಸಂಜೆ ಆರೂವರೆಗೆ ಸೈಕಲ್ ಬೆಲ್ಲು ಕೇಳುತ್ತಿತ್ತು. ಸೊಪ್ಪು ಬಿಡಿಸಿಕೊಡುತ್ತಿದ್ದರು. ಮಂಜುಳನಿಗೆ ಹಾಲಿನ ಕ್ಯಾನು, ಲೀಟರು, ಪಾವು ಎಂದು ಭಿನ್ನರಾಶಿ ಹೇಳಿಕೊಡುತ್ತಿದ್ದರು. ಈಯುವಾಗ ಕರು ಅಡ್ಡ ಸಿಕ್ಕಿಕೊಂಡದ್ದು, ಹಸು ಒದ್ದದ್ದು, ಡಾಕ್ಟರು ಗೊಬ್ಬರದಲ್ಲಿ ಜಾರಿ ಬಿದ್ದದ್ದು — ಕತೆ ಕೇಳಿ ನಾವಿಬ್ಬರೂ ನಗುತ್ತಿದ್ದೆವು. ಮದುವೆಯಾಗಿ ಹನ್ನೆರಡು ವರ್ಷಕ್ಕೆ ನನಗೆ ಗಂಡ ಸಿಕ್ಕ ಹಾಗಾಯಿತು. ಪ್ರತಿ ತಿಂಗಳು ಎರಡನೇ ತಾರೀಖು ನಾನು ಬಸ್ಸು ಹತ್ತಿ ಚಿಂತಾಮಣಿಗೆ ಹೋಗಿ ಐನೂರು ಕೊಟ್ಟು ಬರುತ್ತಿದ್ದೆ. ಬಂದ ಮೇಲೆ ಅವರು ಬಾಗಿಲ ಹಿಂದಿನ ಒಂದು ಮನೆ ತುಂಬುತ್ತಿದ್ದರು, ಸಣ್ಣ ಹುಡುಗರ ಹಾಗೆ ನಾಲಿಗೆ ಕಚ್ಚಿಕೊಂಡು.

ಆದರೆ ಅವರ ಬೆರಳುಗಳನ್ನೂ ನಾನು ನೋಡಿದ್ದೆ. ಊಟಕ್ಕೆ ಕೂತಾಗ ಲೋಟದ ಮೇಲೆ, ಮಗಳ ಬೆನ್ನ ಮೇಲೆ, ಕಿಟಕಿಯ ಸರಳಿನ ಮೇಲೆ ಅವು ಏನನ್ನೋ ಒತ್ತುತ್ತಲೇ ಇರುತ್ತಿದ್ದವು. ಕಾಣಲಿಲ್ಲ ಎಂದು ನಾನು ಹೇಳಲಾರೆ.

ನವೆಂಬರಿನಲ್ಲಿ ಎಂಟನೇ ಕಂತು ಕೊಡಲು ಹೋದೆ. ರಂಗನಾಯಕಮ್ಮ ನೋಟು ಎಣಿಸದೆಯೇ ತೆಗೆದಿಟ್ಟುಕೊಂಡರು. ಒಳಗೆ ಹೋಗಿ ಇವರು ರುಜು ಹಾಕಿದ್ದ ಪತ್ರ ತಂದು ನನ್ನ ಕೈಗಿಟ್ಟರು.

"ಅಸಲು ವಚ್ಚೇಸಿಂದಿ. ವಡ್ಡಿ ವದ್ದಮ್ಮಾ," ಎಂದರು. ಅಸಲು ಬಂತು, ಬಡ್ಡಿ ಬೇಡ. ಆಕೆ ಮನೆ ಮಾರಿ ಮದನಪಲ್ಲಿಯ ಮಗನ ಹತ್ತಿರ ಹೊರಟಿದ್ದರು. "ಎಷ್ಟು ಜನಕ್ಕೆ ಕೊಟ್ಟಿದೀನಿ ನಾನು. ಒಂದು ತಿಂಗ್ಳೂ ತಪ್ಪಿಸ್ದೆ ತಂದವಳು ನೀನೊಬ್ಳೇ. ಅಂಥವ್ರ ಹತ್ರ ಬಡ್ಡಿ ತಗೊಂಡ್ರೆ ನನ್ಗೆ ದಕ್ಕಲ್ಲ. ನಿನ್ ಗಂಡನ್ಗೆ ಹೇಳು, ಮಾತಿನ ಮನುಷ್ಯ ಅಂತ."

ಕಾಲಿಗೆ ಬಿದ್ದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಆ ಪತ್ರ ಕುಪ್ಪಸದೊಳಗೆ ಸರಸರ ಎನ್ನುತ್ತಿತ್ತು. ಹೇಗೆ ಹೇಳಬೇಕು ಎಂದು ಮನಸ್ಸಿನಲ್ಲೇ ಹತ್ತು ಸಲ ಆಡಿಕೊಂಡೆ. ಮೊದಲು ಸಪ್ಪೆ ಮುಖ ಮಾಡಬೇಕು, ಆಮೇಲೆ ತಟ್ಟನೆ ಪತ್ರ ತೆಗೆದು ತೋರಿಸಬೇಕು. ಹೇಳಬೇಕೆಂದೇ ಮನೆಗೆ ಬಂದೆ. ಇದನ್ನು ನಂಬಿ.

ಮನೆಯೊಳಗೆ ತಂದೆ ಮಗಳು ಕಡಲೆಕಾಯಿ ಬಿಡಿಸುತ್ತ ಹದಿಮೂರರ ಮಗ್ಗಿ ಹೇಳುತ್ತಿದ್ದರು. ಇವರು ತಲೆ ಎತ್ತಿ, "ಕೊಟ್ಟು ಬಂದ್ಯಾ? ಇನ್ನೆಷ್ಟು?" ಎಂದರು.

"ಇನ್ನು ನಾಲ್ಕು ತಿಂಗಳಿದೆ," ಎಂದೆ.

ಅಷ್ಟೇ. ಯೋಚಿಸಿ ಹೇಳಿದ್ದಲ್ಲ. ಬಾಯಿಂದ ಬಂತು, ಬಂದದ್ದನ್ನು ತಿರುಗಿ ನುಂಗಬಹುದಿತ್ತು — "ತಮಾಷೆಗೆ ಅಂದೆ" ಎನ್ನಲು ಎಷ್ಟು ಹೊತ್ತು ಬೇಕಿತ್ತು? ಅವರು ಎದ್ದು ಎಂಟನೇ ಮನೆ ತುಂಬಿದರು. ನಾನು ಒಲೆ ಹೊತ್ತಿಸಿದೆ. ನಾಳೆ ಹೇಳೋಣ ಎಂದುಕೊಂಡೆ. ಪತ್ರವನ್ನು ಒಲೆಗೆ ಹಾಕಿದ್ದು ಮಾತ್ರ ಅದಾಗಿ ವಾರದ ಮೇಲೆ, ಯೋಚಿಸಿಯೇ.

ಡಿಸೆಂಬರಿನ ಎರಡನೇ ತಾರೀಖು ಐನೂರು ಹಿಡಿದು ಮತ್ತೆ ಬಸ್ಸು ಹತ್ತಿದೆ. ರಂಗನಾಯಕಮ್ಮನ ಮನೆಗೆ ಬೇರೆಯವರು ಬಂದಿದ್ದರು. ಅಂಚೆ ಕಚೇರಿಗೆ ಹೋಗಿ ಮಂಜುಳನ ಹೆಸರಿನಲ್ಲಿ ಪಾಸ್‌ಬುಕ್ ಮಾಡಿಸಿ ಕಟ್ಟಿದೆ. ನನಗಾಗಿ ಒಂದು ರೂಪಾಯಿಯನ್ನೂ ಮುರಿಯಲಿಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆ? ಹೇಳಿದರೆ ತಪ್ಪು ಚಿಕ್ಕದಾಗುತ್ತದೆಯೇ? ಒಮ್ಮೊಮ್ಮೆ ದೊಡ್ಡದಾಗುತ್ತದೆ ಅನಿಸುತ್ತದೆ.

ಸಂಕ್ರಾಂತಿಯ ಮಾರನೇ ದಿನ ಬಾಷಾ ಸಾಹೇಬರೇ ಬಂದರು. ಎಪ್ಪತ್ತು ದಾಟಿದ ಮುದುಕರು, ಚಿಂತಾಮಣಿಯಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದಿದ್ದರು. ಹಬ್ಬದ ಎಳ್ಳು ಬೆಲ್ಲ ಕೊಟ್ಟೆ. ಬಾಯಿಗೆ ಹಾಕಿಕೊಂಡು, ಅಗಿಯಲಾಗದೆ ನಕ್ಕರು.

"ನೋಡು ಕೃಷ್ಣಪ್ಪಾ, ಹಲ್ಲು ಹೋಯ್ತು. ಹಲ್ಲು ಹೋದ್ರೆ ಗಾಳಿ ನಿಲ್ಲಲ್ಲ. ಮುಂದಿನ ತಿಂಗ್ಳು ಹನ್ನೊಂದು ಮದುವೆ ಒಪ್ಕೊಂಡಿದೀನಿ. ಬ್ಯಾಂಡು ನೀನು ತಗೋ. ದುಡ್ಡು ಕಿಡ್ಡು ಏನೂ ಬೇಡ. ನಡೆಸ್ಕೊಂಡು ಹೋಗು ಅಷ್ಟೆ."

ಇವರ ಮುಖ ನಾನು ನೋಡಿದೆ. ಆ ಮುಖವನ್ನು ಇಲ್ಲಿ ಬರೆಯಲು ನನಗೆ ಬರುವುದಿಲ್ಲ.

"ಸಾಲ ತೀರೋವರ್ಗೂ ಊದಲ್ಲ ಅಂತ ಬರೆದಿದೀನಿ ಸಾಹೇಬ್ರೇ. ಯುಗಾದಿಗೆ ಬಂದ್ಬಿಡ್ತೀನಿ."

"ಯುಗಾದಿವರ್ಗೂ ಯಾರು ಕಾಯ್ತಾರಪ್ಪಾ? ಹುಡುಗ್ರಿಗೆ ಹೊಟ್ಟೆ ಇಲ್ವಾ?" ಎಂದವರು ನನ್ನ ಕಡೆ ತಿರುಗಿದರು. "ಎಷ್ಟು ಬಾಕಿ ಇದೆಯಮ್ಮಾ? ನಾನು ಕೊಡ್ತೀನಿ. ಆಮೇಲೆ ನಿಧಾನಕ್ಕೆ ಕೊಡ್ಲಿ."

ಇದೇ ಸಮಯ — ಇದಕ್ಕಿಂತ ಸುಲಭದ ಸಮಯ ದೇವರೂ ಕೊಡಲಾರ. ನಾನು ಹೇಳಿದೆ, "ಬೇಡಿ ಸಾಹೇಬ್ರೇ. ಒಂದು ಸಾಲ ತೀರ್ಸೋಕೆ ಇನ್ನೊಂದು ಸಾಲ ಯಾಕೆ? ಎರಡೇ ತಿಂಗ್ಳು ತಾನೇ."

ಇವರು ಹೆಮ್ಮೆಯಿಂದ ನನ್ನನ್ನು ನೋಡಿದರು. ಸಾಹೇಬರು ಬಹಳ ಹೊತ್ತು ಕೂತಿದ್ದು, ಇವರ ತಲೆ ಸವರಿ, ಹೋದರು.

ಹಬ್ಬಕ್ಕೆಂದೇ ಖಾಲಿ ಉಳಿಸಿಕೊಂಡಿದ್ದ ಹನ್ನೆರಡನೇ ಮನೆಯನ್ನು ಇವರು ಯುಗಾದಿಯ ದಿನ ತುಂಬಿದರು. ನನಗೆ ಗೊತ್ತಿಲ್ಲದ ಹಾಗೆ ಒಂದು ನೀಲಿ ಸೀರೆ ತಂದಿಟ್ಟಿದ್ದರು. "ನೀನಿಲ್ದಿದ್ರೆ ನನ್ ಕೈಲಾಗ್ತಿರ್ಲಿಲ್ಲ ಸರೋಜಾ," ಎಂದರು. ನಾನು ಆ ಸೀರೆ ಉಟ್ಟೆ. ಮಾರನೇ ದಿನ ಕ್ಲಾರಿನೆಟ್ಟಿಗೆ ಎಣ್ಣೆ ಸವರಿ, ಕೋಟಿಗೆ ಇಸ್ತ್ರಿ ಹಾಕಿಸಿಕೊಂಡು ಚಿಂತಾಮಣಿಗೆ ಹೋದವರು ಸಂಜೆಯ ಬಸ್ಸಿಗೇ ತಿರುಗಿ ಬಂದರು.

"ಬೇರೆಯವ್ರಿಗೆ ಕೊಟ್ಬಿಟ್ರಂತೆ. ಅವ್ರಿಗೆ ಅವ್ರದೇ ಕ್ಲಾರಿನೆಟ್ಟಿನವನಿದಾನೆ. ಸಾಹೇಬ್ರು ಗೌರಿಬಿದನೂರಿಗೆ ಮಗಳ ಮನೆಗೆ ಹೋದ್ರಂತೆ."

ಮುಂದಿನ ಭಾನುವಾರ ಗೌರಿಬಿದನೂರಿಗೂ ಹೋಗಿ ಬಂದರು. ಅಲ್ಲಿ ಏನಾಯಿತು ಎಂದು ಹೇಳಲಿಲ್ಲ, ನಾನು ಕೇಳಲಿಲ್ಲ. ಸ್ವಲ್ಪ ದಿನ ಮನೆಯಲ್ಲೇ ಊದಿದರು. ಒಬ್ಬರೇ ಊದುವುದು ಅವರಿಗೆ ಬರುತ್ತಿರಲಿಲ್ಲವೋ ಏನೋ, ಅರ್ಧಕ್ಕೇ ನಿಲ್ಲಿಸುತ್ತಿದ್ದರು. ಮಳೆಗಾಲ ಮುಗಿಯುವಾಗ ಮಾರಿದರು. ಬೀಡಿ ಮತ್ತೆ ಶುರುವಾಯಿತು. ಆರೂವರೆಗೆ ಬರುತ್ತಿದ್ದವರು ಬಸ್‌ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಕೂತು ಎಂಟಕ್ಕೆ ಬರತೊಡಗಿದರು. ಹಸುವಿನ ಕತೆಗಳು ನಿಂತವು. ಮತ್ತೊಂದು ಯುಗಾದಿ ಬಂದಾಗ, "ಈ ವರ್ಷ ಬಾಗಿಲ ಮೇಲೆ ಏನೂ ಬರೆಯಲ್ವಾ?" ಎಂದು ಕೇಳಿದೆ. "ಏನಿದೆ ಬರೆಯಕ್ಕೆ?" ಎಂದರು.

ಅವರನ್ನು ಮನೆಯಲ್ಲಿ ಉಳಿಸಿಕೊಳ್ಳಲು ಸುಳ್ಳು ಹೇಳಿದೆನೇ? ಹಾಗಾದರೆ ಉಳಿದದ್ದು ಯಾರು? ತಮ್ಮನ ಆ ಮಾತಿನ ಅವಮಾನವೇ? ಅದನ್ನು ನಾನು ಆಗಲೇ ಮರೆತಿದ್ದೆ — ಮರೆತಿದ್ದೆ ಎಂದುಕೊಂಡಿದ್ದೆ. ಅಥವಾ ನಾಲ್ಕು ಮನೆ ಖಾಲಿ ಇದ್ದವು, ಅವನ್ನೂ ತುಂಬಲಿ ಎಂಬ ಬರೀ ಮೂರ್ಖತನವೇ? ಒಂದು ಕಾರಣ ಹಿಡಿದರೆ ಇನ್ನೊಂದು ಜಾರುತ್ತದೆ. ಆ ಪಾಸ್‌ಬುಕ್ಕಿನ ದುಡ್ಡು ಬೆಳೆದು ಮಂಜುಳನ ಟೀಚರ್ ಟ್ರೈನಿಂಗಿಗೆ ಆಯಿತು. ಇವರು ಬಂದವರಿಗೆಲ್ಲ "ಇವಳು ಹೊಟ್ಟೆ ಬಟ್ಟೆ ಕಟ್ಟಿ ಮಿಗಿಸಿದ್ದು" ಎಂದು ಹೇಳಿಕೊಂಡು ತಿರುಗಿದರು. ಸುಳ್ಳಿನಿಂದ ಒಳ್ಳೆಯದೂ ಆಯಿತಲ್ಲ — ಅದನ್ನು ಯಾವ ಕಡೆಗೆ ಸೇರಿಸಲಿ?

ಹೋದ ತಿಂಗಳು ಮಂಜುಳನ ಮದುವೆ, ಚಿಕ್ಕಬಳ್ಳಾಪುರದ ಛತ್ರದಲ್ಲಿ. ಬೀಗರು ಬ್ಯಾಂಡ್ ಕರೆಸಿದ್ದರು. ಅದರಲ್ಲಿ ಡೋಲು ಬಾರಿಸುವ ನರೆಗೂದಲಿನವನೊಬ್ಬ ಇವರ ಗುರುತು ಹಿಡಿದ, ಸಾಹೇಬರ ಕಾಲದವನು. "ಆ ವರ್ಷ ನೀನು ಬಂದಿದ್ರೆ ಬ್ಯಾಂಡು ಇವತ್ತು ನಿಂದೇ ಆಗಿರ್ತಿತ್ತಲ್ಲೋ ಕೃಷ್ಣಪ್ಪಾ," ಎಂದ. ಆರತಿ ತಟ್ಟೆ ಹಿಡಿದು ನಾನು ಪಕ್ಕದಲ್ಲೇ ಇದ್ದೆ. ಇವರು ನೇರ ನಿಂತು ಹೇಳಿದರು, "ಸಾಲ ಇತ್ತಪ್ಪಾ ಆವಾಗ. ಮಾತು ಅಂದ್ರೆ ಮಾತು."

ಅವರ ದನಿಯಲ್ಲಿ ದುಃಖವಿದ್ದಿದ್ದರೆ ನಾನು ಇನ್ನೂ ಹತ್ತು ವರ್ಷ ಸುಮ್ಮನಿರುತ್ತಿದ್ದೆನೇನೋ. ಇದ್ದದ್ದು ಹೆಮ್ಮೆ.

ಮದುವೆಯ ನೆಂಟರೆಲ್ಲ ಹೋದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಹಿತ್ತಿಲಲ್ಲಿ ಅವರು ಗಡ್ಡ ಕೆರೆದುಕೊಳ್ಳುತ್ತಿದ್ದರು. ಹೋಗಿ ಎದುರಿಗೆ ಕೂತು ಎಲ್ಲ ಹೇಳಿದೆ. ರಂಗನಾಯಕಮ್ಮ ಹೇಳಿ ಕಳಿಸಿದ್ದ ಮಾತನ್ನೂ ಸೇರಿಸಿ.

ಅವರು ಬ್ಲೇಡು ಕೆಳಗಿಟ್ಟರು. ಅರ್ಧ ಕೆನ್ನೆಯ ಮೇಲೆ ಸೋಪು ಹಾಗೆಯೇ ಇತ್ತು. ಬೆರಳು ಮಡಿಸಿ ಎಣಿಸತೊಡಗಿದರು. "ನವೆಂಬರು... ಡಿಸೆಂಬರು... ಜನವರಿ." ಅಲ್ಲಿ ನಿಂತರು. ಮುಂದಿನ ಬೆರಳು ಮಡಿಸಲಿಲ್ಲ.

"ಸಾಹೇಬ್ರು ಕೇಳ್ದಾಗ್ಲೂ ನಿನ್ಗೆ ಗೊತ್ತಿತ್ತು," ಎಂದರು.

"ಗೊತ್ತಿತ್ತು."

"ಯಾಕೆ?"

ಎಷ್ಟೋ ಉತ್ತರ ಗಂಟಲಿಗೆ ಬಂದವು. ಯಾವುದೂ ಪೂರ್ತಿ ನಿಜವಲ್ಲ ಅನಿಸಿತು. "ಗೊತ್ತಿಲ್ಲ," ಎಂದೆ.

ಅವರು ಬೈಯಲಿಲ್ಲ. ಕನ್ನಡಿಯನ್ನು ಸರಿ ಮಾಡಿಕೊಂಡು, ಒಣಗಿದ ಸೋಪಿನ ಮೇಲೆ ಮತ್ತೆ ನೀರು ಹಚ್ಚಿಕೊಂಡರು. "ಗೊತ್ತಾದಾಗ ಹೇಳು," ಎಂದರು.

ಮೂರು ವಾರವಾಯಿತು. ಕಾಫಿ ಕೊಟ್ಟರೆ ಕುಡಿಯುತ್ತಾರೆ, ಕೇಳಿದ್ದಕ್ಕೆ ಉತ್ತರ ಹೇಳುತ್ತಾರೆ. ನಾನು ಇಷ್ಟು ಬರೆದಿದ್ದೇನೆ. ಮೊದಲಿನಿಂದ ಎರಡು ಸಲ ಓದಿಯೂ ನೋಡಿದೆ. ಗೊತ್ತಾಗಿಲ್ಲ.