ಬಾಯಿ ತಪ್ಪಿ ಬಂದ ಮಾತಲ್ಲ

ಕರುಣಾ, ಆ ಹೊಸ ವರ್ಷದ ಬೆಳಿಗ್ಗೆ ಸಭೆಯ ಎದುರು ನಾನು ಆಡಿದ್ದು ಬಾಯಿ ತಪ್ಪಿ ಬಂದ ಮಾತಲ್ಲ. ಬೇಕೆಂದೇ ಆಡಿದೆ. ಹಿಂದಿನ ದಿನ ತಲೆ ಬಾಚಿಕೊಳ್ಳುವಾಗ ಕನ್ನಡಿಯ ಮುಂದೆ ಅದನ್ನು ಬಾಯಿಪಾಠ ಮಾಡಿಕೊಂಡಿದ್ದೆ — ಎಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ಇಳಿಸಬೇಕು ಎಂಬುದರ ಸಹಿತ.

ನೀನು ನನ್ನ ಮೈದುನನ ಹೆಂಡತಿಯಾಗಿ ಹುಬ್ಬಳ್ಳಿಯ ನಮ್ಮ ಮನೆಗೆ ಬಂದ ಹೊಸತು. ನಾನು ಧಾರವಾಡದಲ್ಲಿ ಓದಿದವಳು. ಅದನ್ನು ಮರೆಯಲು ಯಾರಿಗೂ ಬಿಡುತ್ತಿರಲಿಲ್ಲ. ನೀನು ಉಣಕಲ್ಲಿನ ಆಚೆಯ ಹಳ್ಳಿಯವಳು. ಭಾನುವಾರ ದೇವಾಲಯದಲ್ಲಿ ಎಲ್ಲರಂತೆ ಹಾಡಿನ ಪುಸ್ತಕ ಬಿಚ್ಚಿ ಹಿಡಿಯುತ್ತಿದ್ದಿ, ಎಲ್ಲರಿಗಿಂತ ಚೆಂದ ಹಾಡುತ್ತಿದ್ದಿ. ಅಷ್ಟೂ ಹಾಡು ನಿನಗೆ ಕೇಳಿಯೇ ಬಂದದ್ದೆಂದು ನಿನ್ನ ಗಂಡನ ಹೊರತು ಯಾರಿಗೂ ಗೊತ್ತಿರಲಿಲ್ಲ.

ನಮ್ಮ ಸಭೆಯ ಪದ್ಧತಿ ನಿನಗೆ ಗೊತ್ತೇ ಇದೆ. ಹೊಸ ವರ್ಷದ ಆರಾಧನೆ ಮುಗಿದ ಮೇಲೆ ಒಬ್ಬೊಬ್ಬರೇ ಎದ್ದು, ಈ ವರ್ಷ ದೇವರ ಮುಂದೆ ತಾವು ಮಾಡಿದ ನಿರ್ಧಾರವನ್ನು ಹೇಳಬೇಕು. ಗಂಡಸರು ನಶ್ಯ ಬಿಡುತ್ತಿದ್ದರು, ಹೆಂಗಸರು ಚಾಡಿ ಬಿಡುತ್ತಿದ್ದರು. ಯುಗಾದಿಯ ಹೊತ್ತಿಗೆ ಎರಡೂ ತಿರುಗಿ ಬರುತ್ತಿದ್ದವು.

ಆ ವರ್ಷ ಕರ್ಚಿಕಾಯಿ ತುಂಬುತ್ತ ಕೂತಾಗ ನೀನು ಮೆಲ್ಲಗೆ ಕೇಳಿದಿ — "ಅಕ್ಕಾರ, ಯಾರ ಮುಂದೂ ಹೇಳಬ್ಯಾಡ್ರಿ. ನನಗ ಓದಾಕ ಬರೂದಿಲ್ಲ. ಬರೂ ಕ್ರಿಸ್‌ಮಸ್‌ಗೆ ಗುಡ್ಯಾಗ ಬೈಬಲ್ಲಿನ ಒಂದ ಅಧ್ಯಾಯ ನಾನ ಓದಬೇಕಂತ ಮನಸ್ಸೈತಿ. ಕಲಸ್ತೀರೇನ್ರಿ?" ಸಭೆಯಲ್ಲಿ ಬೇರೆ ಏನಾದರೂ ಹೇಳುತ್ತೇನೆ, ಇದು ದೇವರಿಗೆ ಮತ್ತು ನಿಮಗೆ ಮಾತ್ರ ಎಂದಿ. ನಾನು ಹೂಂ ಎಂದೆ.

ನನಗೆ ಆ ವರ್ಷ ಹೇಳಲು ಏನೂ ಇರಲಿಲ್ಲ. ಹಿಂದಿನ ವರ್ಷ ಸಿಟ್ಟು ಬಿಡುತ್ತೇನೆಂದು ಹೇಳಿ, ಅಲ್ಲೇ ಅಂಗಳದಲ್ಲಿ ಗಂಡನ ಮೇಲೆ ಹರಿಹಾಯ್ದು ನಗೆಗೀಡಾಗಿದ್ದೆ. ಈ ಸಲ ಜನ ತಲೆದೂಗಬೇಕು ಅನ್ನಿಸಿತ್ತು. ಮತ್ತೆ — ಇದನ್ನೂ ಬರೆಯಲೇಬೇಕು — ನಿನ್ನ ಹಾಡನ್ನು ಹೊಗಳುತ್ತಿದ್ದವರಿಗೆಲ್ಲ ನಿನಗೆ ಏನು ಬರುವುದಿಲ್ಲವೆಂದು ತಿಳಿಯಲಿ ಅನ್ನಿಸಿತ್ತು. ಹೊಟ್ಟೆಕಿಚ್ಚು, ಬೇರೇನಲ್ಲ.

"ಈ ವರ್ಷ ನಮ್ಮ ಕರುಣಾಗ ಅಕ್ಷರ ಕಲಸ್ತೇನ್ರಿ. ಪಾಪ, ಆಕಿಗೆ ಓದಾಕ ಬರೂದಿಲ್ಲ" ಎಂದೆ.

"ಛಲೋ ಕೆಲಸವ್ವಾ" ಎಂದರು ಪಾದ್ರಿಗಳು. ಹೆಂಗಸರೆಲ್ಲ ತಿರುಗಿ ನಿನ್ನ ಕೈಯಲ್ಲಿದ್ದ ಪುಸ್ತಕವನ್ನು ನೋಡಿದರು. ನೀನು ಅದನ್ನು ಮುಚ್ಚಿ ಬೆಂಚಿನ ಮೇಲಿಟ್ಟಿ. ನಿನ್ನ ಸರದಿ ಬಂದಾಗ ಎದ್ದು, "ನಾ ಇನ್ ಮ್ಯಾಲ ಭಾಳ ಮಾತಾಡೂದಿಲ್ರಿ" ಎಂದಿ. ಮೊದಲಾದರೂ ನೀನು ಎಷ್ಟು ಮಾತಾಡುತ್ತಿದ್ದಿ!

ಮನೆಗೆ ಬಂದು, ಬಾಯಿ ತಪ್ಪಿತು ಕರುಣಾ ಎಂದೆ. ಪಾಟಿ, ಬಳಪ ತಂದಿಟ್ಟೆ. "ಕೆಲಸ ಐತ್ರಿ ಅಕ್ಕಾರ" ಎಂದು ನೀನು ಎದ್ದು ಹೋದಿ. ಹಾಡುವುದನ್ನೂ ಬಿಟ್ಟಿ, ದೇವಾಲಯದಲ್ಲಿ ಪುಸ್ತಕ ಹಿಡಿಯದೆ ಸುಮ್ಮನೆ ನಿಲ್ಲುತ್ತಿದ್ದಿ. ಕೇಳಿದವರಿಗೆ ನಾನು, ಕಲಿಸಲು ತಯಾರಿದ್ದೆ, ಅವಳೇ ಒಲ್ಲೆ ಅಂದಳು ಎಂದು ಹೇಳುತ್ತ ಬಂದೆ... ವರ್ಷಗಟ್ಟಲೆ.

ನಿನ್ನ ಮಗಳು ಲೀಲಾ ಶಾಲೆಗೆ ಹೋಗತೊಡಗಿದಾಗ, ಅವಳಿಗೆ ಓದಿಸುವ ನೆಪದಲ್ಲಿ ಪಕ್ಕದಲ್ಲಿ ಕೂತು ನೀನು ಕಲಿತಿ. ನಾನು ಅಡುಗೆಮನೆಗೆ ಬಂದರೆ ಇಬ್ಬರೂ ಸುಮ್ಮನಾಗುತ್ತಿದ್ದಿರಿ. ಈ ಕ್ರಿಸ್‌ಮಸ್ ದಿನ ನೀನು ಎದ್ದು ಮುಂದೆ ಹೋಗಿ ಅಧ್ಯಾಯ ಓದಿದಿ. ಒಂದು ಕಡೆ ತಡವರಿಸಿದಿ. ಆ ಪದ ನನ್ನ ನಾಲಗೆಯ ತುದಿಗೆ ಬಂದಿತ್ತು — ಹಲ್ಲು ಕಚ್ಚಿ ಸುಮ್ಮನಿದ್ದೆ. ನೀನೇ ಬಿಡಿಸಿಕೊಂಡು ಓದಿ ಮುಂದೆ ಹೋದಿ. ನನಗೆ ಅಳು ಬಂತು.

ನಿನ್ನೆ ಮತ್ತೆ ಕರ್ಚಿಕಾಯಿ ತುಂಬುತ್ತ ಕೂತಿದ್ದೆವು; ಯುದ್ಧದ ಕಾಲ, ಸಕ್ಕರೆ ಸಿಗದೆ ಬೆಲ್ಲದ ಹೂರಣ. ಆಗ ಹೇಳಿಬಿಟ್ಟೆ. ಅದು ಬಾಯಿ ತಪ್ಪಿದ್ದಲ್ಲ ಎಂದೆ. ನೀನು ತಲೆಯೆತ್ತಲಿಲ್ಲ.

"ನನಗ ಅವತ್ತ ಗೊತ್ತಾಗಿತ್ರಿ. ಬಾಯಿ ತಪ್ಪಿದವ್ರು ಸೆರಗ ಸರಿ ಮಾಡ್ಕೊಂಡು ಎದ್ದ ನಿಲ್ತಾರೇನ್ರಿ?"

"ಮತ್ತ ಯಾಕ ಒಂದ ಮಾತ ಅನ್ನಲಿಲ್ಲ?"

"ನೀವ ಹೇಳಲಿ ಅಂತ."

ಆಮೇಲೆ ನೀನು ನಕ್ಕಿ. ನಾನೂ ನಕ್ಕೆ, ಹಿಟ್ಟಿನ ಕೈಯಿಂದಲೇ ಕಣ್ಣೊರೆಸಿಕೊಂಡೆ. ನಾನು ಇಷ್ಟು ಕಾಲ ಬಚ್ಚಿಟ್ಟುಕೊಂಡು ಕೂತದ್ದು ನಿನಗೆ ಮೊದಲ ದಿನವೇ ಗೊತ್ತು! ಎಂಥ ಹಗುರ, ಕರುಣಾ — ನಿನ್ನೆ ಉಂಡ ಅನ್ನ ಮೈಗೆ ಹತ್ತಿತು. ಕ್ಷಮಿಸಿದೆ ಎಂದು ನೀನು ಅನ್ನಲಿಲ್ಲ. ನಾನೂ ಕೇಳಲಿಲ್ಲ. "ಬಾಯಿಮಾತ ಸಾಕ್ರಿ ಅಕ್ಕಾರ. ಬರದ ಕೊಡ್ರಿ, ನಾ ಓದತೇನಿ" ಎಂದಿ.

ಬರೆದಿದ್ದೇನೆ. ನಾಳೆ ಹೊಸ ವರ್ಷ. ಎದ್ದು ನಿಂತು ಸಭೆಗೂ ಇದನ್ನು ಹೇಳಬೇಕೆಂದಿದೆ. ಹೇಳಲೋ ಬೇಡವೋ, ಓದಿದ ಮೇಲೆ ನೀನು ಹೇಳು. ನಿನ್ನನ್ನು ಕೇಳದೆ ನಿನ್ನ ಮಾತನ್ನು ನಾನು ಇನ್ನು ಯಾರ ಮುಂದೆಯೂ ಎತ್ತುವುದಿಲ್ಲ. ಈ ವರ್ಷದ ನನ್ನ ನಿರ್ಧಾರ ಅಷ್ಟೇ.

ಮೊದಲು, ನಿನಗೆ ಸುಲಭವಾಗಲೆಂದು ದೊಡ್ಡ ದೊಡ್ಡ ಅಕ್ಷರಗಳಲ್ಲಿ ಬರೆಯತೊಡಗಿದ್ದೆ. ಆ ಹಾಳೆಯನ್ನು ಒಲೆಗೆ ಹಾಕಿದೆ. ಇದು ನಾನು ಎಲ್ಲರಿಗೂ ಬರೆಯುವ ಅಕ್ಷರ.